ನಾಯಂಡಹಳ್ಳಿ ಕಡೆಯ ರಾಜಕಾಲುವೆ: ಬ್ಯಾಕ್ಟೀರಿಯಾ ಪುಡಿ, ತೇಲುವ ಗಿಡ, ಏರೇಟರ್ ಕೊಳ್ಳುವ ಮುನ್ನ ಏನೇನು ಅಳೆಯಬೇಕು?

ನಾಯಂಡಹಳ್ಳಿ ನಿವಾಸಿ

ಎಲ್ಲರಿಗೂ ನಮಸ್ಕಾರ. ಮೈಸೂರು ರಸ್ತೆ ಪಕ್ಕದಲ್ಲಿ ವೃಷಭಾವತಿಗೆ ಬಂದು ಸೇರುವ ಸಣ್ಣ ರಾಜಕಾಲುವೆಯೊಂದರ ಬದಿಯ ಬಡಾವಣೆಗಳ ಸಂಘಗಳು ಸೇರಿ ಕಾಲುವೆ ಶುದ್ಧಿಗೆ ಹಣ ಕೂಡಿಸುತ್ತಿವೆ. ಒಂದು ಕಂಪನಿ ದರಪಟ್ಟಿ ಕೊಟ್ಟಿದೆ: ದಿನಕ್ಕೆ 1 ಕೆಜಿ ಬ್ಯಾಕ್ಟೀರಿಯಾ ಪುಡಿ, 200 ಚದರ ಮೀಟರ್ ತೇಲುವ ಗಿಡಗಳ ತೆಪ್ಪ, ನೀರಿಗೆ ಗಾಳಿ ಬೆರೆಸುವ 2 ಎಚ್‌ಪಿಯ ನಾಲ್ಕು ಏರೇಟರ್. ಆರು ತಿಂಗಳಲ್ಲಿ ವಾಸನೆ ಹೋಗುತ್ತದೆ, ನೀರು ತಿಳಿಯಾಗುತ್ತದೆ ಎಂದು ಬರೆದುಕೊಟ್ಟಿದ್ದಾರೆ. ಅವರದೇ ವರದಿಯಲ್ಲಿ ಈಗಿನ ಬಿಒಡಿ (ನೀರಿನ ಕೊಳೆ ತಿನ್ನಲು ಜೀವಾಣುಗಳಿಗೆ ಬೇಕಾಗುವ ಆಮ್ಲಜನಕ) ಲೀಟರಿಗೆ 150 ಮಿಲಿಗ್ರಾಂ. ಒಪ್ಪುವ ಮುನ್ನ ನಾವೇ ಏನನ್ನು ಪರೀಕ್ಷಿಸಬೇಕು? ವಿಷಯ ಬಲ್ಲವರು ದಯವಿಟ್ಟು ವಿವರವಾಗಿ ಬರೆಯಿರಿ.

ಹರಿವು ಮಾಪಕ

ದರಪಟ್ಟಿ ಸದ್ಯ ಪಕ್ಕಕ್ಕಿರಲಿ. ಬಿಒಡಿ 150 ಅನ್ನುವುದು ಅರ್ಧ ಮಾಹಿತಿ. ಇನ್ನರ್ಧ ಹರಿವು. ಎರಡನ್ನೂ ಗುಣಿಸಿದಾಗಲೇ ದಿನಕ್ಕೆ ಎಷ್ಟು ಕಿಲೋ ಕೊಳೆ ಬರುತ್ತಿದೆ ಎಂದು ತಿಳಿಯುವುದು. ಯಾವ ಯಂತ್ರ ಸಾಕು, ಯಾವುದು ಸಾಲದು ಎಂದು ಹೇಳುವುದು ಆ ಕಿಲೋ ಲೆಕ್ಕ ಮಾತ್ರ.

ಹರಿವು ಅಳೆಯಲು ದುಬಾರಿ ಮೀಟರ್ ಬೇಡ. ಕಾಲುವೆ ನೇರವಾಗಿರುವ, ತಳ ಕಾಂಕ್ರೀಟ್ ಆಗಿರುವ, ನಡುವೆ ಯಾವ ಪೈಪೂ ಬಂದು ಬೀಳದ 10 ಮೀಟರ್ ಜಾಗ ಆರಿಸಿ. ಎರಡೂ ತುದಿಗೆ ಅಡ್ಡಲಾಗಿ ಹಗ್ಗ ಕಟ್ಟಿ. ಮೇಲಿನ ಹಗ್ಗಕ್ಕಿಂತ ಎರಡು ಮೀಟರ್ ಹಿಂದೆ ನಿಂಬೆಹಣ್ಣು ಬಿಡಿ, ಹಗ್ಗದಿಂದ ಹಗ್ಗಕ್ಕೆ ಎಷ್ಟು ಸೆಕೆಂಡ್ ಎಂದು ಮೊಬೈಲಿನಲ್ಲಿ ನೋಡಿ. ಎಡ, ನಡು, ಬಲ ಮೂರೂ ಕಡೆ ಬಿಟ್ಟು ಸರಾಸರಿ ತೆಗೆಯಿರಿ. ಖಾಲಿ ಪ್ಲಾಸ್ಟಿಕ್ ಬಾಟಲಿ ಬಿಡಬೇಡಿ, ಗಾಳಿ ಅದನ್ನು ತಳ್ಳಿ ಲೆಕ್ಕ ಕೆಡಿಸುತ್ತದೆ. ನಿಂಬೆಹಣ್ಣು ಬಹುಪಾಲು ಮುಳುಗಿಯೇ ತೇಲುವುದರಿಂದ ನೀರಿನ ವೇಗದಲ್ಲೇ ಹೋಗುತ್ತದೆ.

ಆಳವನ್ನು ಸೇತುವೆ ಮೇಲಿಂದಲೇ, ಗುರುತು ಹಾಕಿದ ಪಿವಿಸಿ ಪೈಪ್ ಇಳಿಬಿಟ್ಟು ಐದು ಕಡೆ ನೋಡಿ. ಪೈಪು ಹೂಳಿನೊಳಗೆ ಇಳಿದರೆ ಆಳ ಹೆಚ್ಚು ಬರುತ್ತದೆ, ಅದಕ್ಕೆ ತುದಿಗೊಂದು ಚಪ್ಪಟೆ ತಟ್ಟೆ ಸಿಕ್ಕಿಸಿ. ಯಾರೂ ಕಾಲುವೆಗೆ ಇಳಿಯಬೇಡಿ.

ಲೆಕ್ಕ ಹೀಗೆ: ಅಗಲ × ಸರಾಸರಿ ಆಳ × ವೇಗ × 0.85. ಮೇಲ್ಮೈ ನೀರು ಒಳಗಿನದಕ್ಕಿಂತ ಬೇಗ ಓಡುವುದರಿಂದ ಈ 0.85. ತಳ ಕಲ್ಲು-ಮಣ್ಣಿನದಾದರೆ 0.8 ಹಿಡಿಯಿರಿ. ಬಂದ ಘನ ಮೀಟರನ್ನು 86.4ರಿಂದ ಗುಣಿಸಿದರೆ ದಿನಕ್ಕೆ ಎಷ್ಟು ಹತ್ತು ಲಕ್ಷ ಲೀಟರ್, ಅಂದರೆ ಎಂಎಲ್‌ಡಿ, ಸಿಗುತ್ತದೆ.

ಬೆಳಿಗ್ಗೆ 8, ಮಧ್ಯಾಹ್ನ 1, ರಾತ್ರಿ 8, ನಸುಕಿನ 3 ಗಂಟೆಗೆ, ಮಳೆ ಬಂದು ಕನಿಷ್ಠ ಮೂರು ದಿನ ಕಳೆದ ಮೇಲೆ ಅಳೆಯಿರಿ. ನಸುಕಿನ ಅಳತೆಯೇ ಬಹಳ ಮುಖ್ಯ. ಆಗ ಮನೆಗಳಲ್ಲಿ ನೀರು ಬಳಕೆ ಇಲ್ಲ, ಆದರೂ ಜೋರಾಗಿ ಹರಿಯುತ್ತಿದ್ದರೆ ಅದು ಸೋರುವ ಕುಡಿಯುವ ನೀರಿನ ಕೊಳವೆಯೋ, ತಳಮಹಡಿಯಿಂದ ಪಂಪು ಮಾಡುವ ಅಂತರ್ಜಲವೋ, ರಾತ್ರಿ ಪಾಳಿಯ ಕಾರ್ಖಾನೆಯೋ ಆಗಿರುತ್ತದೆ.

ತೀರಾ ಸಣ್ಣ ಕಾಲುವೆಗೆ ನಿಂಬೆಹಣ್ಣಿಗಿಂತ ವಿ ಆಕಾರದ ಕಂಡಿ ಕೊರೆದ ಹಲಗೆ ಮೇಲು. 90 ಡಿಗ್ರಿ ಕಂಡಿಯಲ್ಲಿ ಕೆಳತುದಿಯಿಂದ ನೀರಿನ ಎತ್ತರ 20 ಸೆಂ.ಮೀ. ಇದ್ದರೆ ಸುಮಾರು 2.1 ಎಂಎಲ್‌ಡಿ. ಎತ್ತರವನ್ನು ಕಂಡಿಯ ಬಾಯಲ್ಲೇ ನೋಡಬಾರದು, ಅಲ್ಲಿ ನೀರು ಇಳಿಜಾರಾಗಿರುತ್ತದೆ. ಒಂದು ಮೀಟರ್ ಹಿಂದೆ ನೋಡಿ. ಕೆಲಸ ಮುಗಿದ ಕೂಡಲೇ ಹಲಗೆ ತೆಗೆಯಿರಿ, ಬಿಟ್ಟರೆ ಕಸ ಕಟ್ಟಿಕೊಂಡು ಹಿಂದಿನ ಮನೆಗಳಿಗೆ ನೀರು ಏರುತ್ತದೆ.

ನಾಯಂಡಹಳ್ಳಿ ನಿವಾಸಿ

ಅಳೆದು ಬಂದೆವು ಸರ್. ಅಗಲ 2 ಮೀಟರ್, ಆಳ 12 ಸೆಂ.ಮೀ., 10 ಮೀಟರಿಗೆ 25 ಸೆಕೆಂಡ್. ಇದು ನಾಲ್ಕೂ ಹೊತ್ತಿನ ಸರಾಸರಿ. ನಸುಕಿನಲ್ಲೂ ಹರಿವು ಅರ್ಧಕ್ಕಿಂತ ಕೆಳಗೆ ಇಳಿಯಲಿಲ್ಲ.

ಹರಿವು ಮಾಪಕ

ವೇಗ ಸೆಕೆಂಡಿಗೆ 0.4 ಮೀಟರ್, 0.85ರಿಂದ ಗುಣಿಸಿದರೆ 0.34. ಅಡ್ಡಕೊಯ್ತ 0.24 ಚದರ ಮೀಟರ್. ಸೆಕೆಂಡಿಗೆ 0.082 ಘನ ಮೀಟರ್, ಅಂದರೆ ದಿನಕ್ಕೆ ಹತ್ತಿರ ಹತ್ತಿರ 7 ಎಂಎಲ್‌ಡಿ. ಬಿಒಡಿ 150 ಆದರೆ ದಿನಕ್ಕೆ 1,050 ಕೆಜಿ ಆಮ್ಲಜನಕ ಬೇಡುವ ಕೊಳೆ. ಈಗ ದರಪಟ್ಟಿ ತೆರೆಯೋಣ.

ಏರೇಟರ್: 2 ಎಚ್‌ಪಿ ಅಂದರೆ 1.5 ಕಿಲೋವ್ಯಾಟ್. ಕೊಳಚೆ ನೀರಿನಲ್ಲಿ ಒಂದು ಯೂನಿಟ್ ಕರೆಂಟಿಗೆ 1.2 ಕೆಜಿ ಆಮ್ಲಜನಕ ಕರಗಿದರೆ ಒಳ್ಳೆಯ ಯಂತ್ರ. 24 ಗಂಟೆ ಓಡಿದರೆ 43 ಕೆಜಿ. ನಾಲ್ಕಕ್ಕೆ 172. ಬೇಕಾದದ್ದು 1,050. ಹಾಗಾದರೆ 25 ಇಟ್ಟರೆ ಆಯಿತಲ್ಲ ಎಂದು ಕೇಳಬಹುದು. ಆಗುವುದಿಲ್ಲ. ನಿಮ್ಮ ನೀರು ಒಂದು ಕಿಲೋಮೀಟರ್ ದಾಟಲು 50 ನಿಮಿಷ ಸಾಕು. 25 ಡಿಗ್ರಿ ತಾಪದಲ್ಲಿ, ದಟ್ಟವಾದ ಜೀವಿರಾಶಿಯನ್ನು ಹಿಡಿದಿಡುವ ತೊಟ್ಟಿ ಇಲ್ಲದೆ, 50 ನಿಮಿಷದಲ್ಲಿ ಕರಗುವ ಬಿಒಡಿ ನೂರಕ್ಕೆ ಒಂದರಷ್ಟು. ಆಮ್ಲಜನಕ ಕೊಟ್ಟರೂ ತಿನ್ನಲು ಸಮಯವೇ ಇಲ್ಲ. ಮೇಲಾಗಿ 12 ಸೆಂ.ಮೀ. ನೀರಿನಲ್ಲಿ ಏರೇಟರ್ ನಿಲ್ಲದು. ಅದಕ್ಕೆ ಅಡ್ಡಗಟ್ಟೆ ಕಟ್ಟುತ್ತಾರೆ, ಅದರ ಹಿಂದೆ ಹೂಳು ಕೂರುತ್ತದೆ, ಸೆಪ್ಟೆಂಬರ್-ಅಕ್ಟೋಬರ್ ಮಳೆಗೆ ಅದೇ ಗಟ್ಟೆ ಬಡಾವಣೆಯೊಳಕ್ಕೆ ನೀರು ನುಗ್ಗಿಸುತ್ತದೆ.

ತೇಲುವ ಗಿಡ: ಚೆನ್ನಾಗಿ ಬೆಳೆದ ತೆಪ್ಪ ಚದರ ಮೀಟರಿಗೆ ದಿನಕ್ಕೆ 1 ಗ್ರಾಂ ಆಸುಪಾಸು ಸಾರಜನಕ ತೆಗೆಯುತ್ತದೆ ಎಂದು ಧಾರಾಳವಾಗಿಯೇ ಹಿಡಿಯೋಣ. 200 ಚದರ ಮೀಟರಿಗೆ 200 ಗ್ರಾಂ. ಕೊಳಚೆಯಲ್ಲಿ ಲೀಟರಿಗೆ 40 ಮಿಲಿಗ್ರಾಂ ಸಾರಜನಕ ಇದ್ದರೆ 7 ಎಂಎಲ್‌ಡಿಯಲ್ಲಿ 280 ಕೆಜಿ. ಅಷ್ಟನ್ನೂ ಗಿಡಗಳೇ ಹೀರಬೇಕಾದರೆ 28 ಹೆಕ್ಟೇರ್, ಎಪ್ಪತ್ತು ಎಕರೆ ಹತ್ತಿರ, ತೆಪ್ಪ ಬೇಕು.

ಪುಡಿ: ಗ್ರಾಂಗೆ 100 ಕೋಟಿ ಜೀವಾಣು ಎಂದು ಪೊಟ್ಟಣದ ಮೇಲೆ ಬರೆದಿದ್ದರೆ ಕಿಲೋಗೆ ಒಂದು ಲಕ್ಷ ಕೋಟಿ. ದೊಡ್ಡದಾಗಿ ಕಾಣುತ್ತದೆ. ಆದರೆ ಕೊಳಚೆ ನೀರಿನಲ್ಲಿ ಮಿಲಿಲೀಟರಿಗೆ ಕನಿಷ್ಠ 10 ಲಕ್ಷ ಆಗಲೇ ಇವೆ. ದಿನದ ಹರಿವಿನಲ್ಲಿ ಬರುವವು ಪುಡಿಯಲ್ಲಿರುವುದಕ್ಕಿಂತ ಏಳು ಸಾವಿರ ಪಟ್ಟು. ಹಾಕಿದ್ದು ಗಂಟೆಯೊಳಗೆ ವೃಷಭಾವತಿ ಸೇರಿರುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಇನ್ನೊಂದು ಲೆಕ್ಕ ಗಮನಿಸಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಸರಬರಾಜು, ಅದರಲ್ಲಿ ನೂರಕ್ಕೆ 80 ಪಾಲು ಕೊಳಚೆಯಾದರೆ 108 ಲೀಟರ್. 7 ಎಂಎಲ್‌ಡಿ ಅಂದರೆ 65,000 ಜನರ ನೀರು. ಒಬ್ಬರಿಂದ ದಿನಕ್ಕೆ 27 ಗ್ರಾಂ ಬಿಒಡಿ ಎಂಬುದು ಕೇಂದ್ರ ಸರ್ಕಾರದ ಒಳಚರಂಡಿ ಕೈಪಿಡಿಯ ಅಂಕಿ. ಆ ಪ್ರಕಾರ 1,050 ಕೆಜಿ ಅಂದರೆ 39,000 ಜನರ ಕೊಳೆ. ಎರಡೂ ತಾಳೆಯಾಗದಿರುವುದಕ್ಕೆ ಕಾರಣ, ಕೊಳೆಯಿಲ್ಲದ ನೀರೂ ಸಾಕಷ್ಟು ಸೇರುತ್ತಿರುವುದು. ನಸುಕಿನ ಹರಿವು ಅರ್ಧದಲ್ಲೇ ನಿಂತಿದ್ದೂ ಅದನ್ನೇ ಹೇಳುತ್ತದೆ. ಜಲಮಂಡಳಿಯವರಿಗೆ ಈ ಎರಡು ಸಾಲು ತೋರಿಸಿ. ಸೋರುತ್ತಿರುವುದು ಸಂಸ್ಕರಿಸಿದ ಕುಡಿಯುವ ನೀರಾದರೆ ಅವರಿಗೇ ನಷ್ಟ. ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ತಂದ ಕಾವೇರಿ ಅದು.

ಕೆರೆಪ್ರಿಯೆ

ಗಿಡಗಳನ್ನು ಇಷ್ಟು ತಳ್ಳಿಹಾಕುವುದು ಸರಿಯಲ್ಲ. ಜಕ್ಕೂರು ಕೆರೆಯಲ್ಲಿ ಜೊಂಡಿನ ಜೌಗು ಚೆನ್ನಾಗಿ ಕೆಲಸ ಮಾಡಿದೆಯಲ್ಲ?

ಹರಿವು ಮಾಪಕ

ಮಾಡಿದೆ ಮೇಡಂ, ಯಾಕೆ ಮಾಡಿತು ಎಂಬುದು ಮುಖ್ಯ. ಜಕ್ಕೂರಿನಲ್ಲಿ ಮೊದಲು ಎಸ್‌ಟಿಪಿ, ಅಂದರೆ ಕೊಳಚೆ ಶುದ್ಧೀಕರಣ ಘಟಕ, ಆಮೇಲೆ ಜೌಗು, ಆಮೇಲೆ 160 ಎಕರೆಯಷ್ಟು ಕೆರೆ. ಜೌಗಿಗೆ ಬರುವುದು ಆಗಲೇ ಬಿಒಡಿ ಇಳಿದ ನೀರು, ನಿಲ್ಲಲು ದಿನಗಟ್ಟಲೆ ಸಮಯವಿದೆ. ಕೊನೆಯ ಹಂತದ ಹೊಳಪಿಗೆ ಗಿಡಗಳು ನಿಜಕ್ಕೂ ಒಳ್ಳೆಯವು. ಹಸಿ ಕೊಳಚೆ ಓಡುವ ಕಾಲುವೆಯಲ್ಲಿ ಅದೇ ಜೊಂಡು ಕೊಳೆತು ಇನ್ನಷ್ಟು ಬಿಒಡಿ ಕೊಡುತ್ತದೆ. ಕಟಾವು ಮಾಡಿ ದಡದಿಂದ ಆಚೆ ಸಾಗಿಸದಿದ್ದರೆ ಹೀರಿದ ಸಾರಜನಕ, ರಂಜಕ ಎಲ್ಲ ವಾಪಸ್ ನೀರಿಗೇ.

ಜಲರಸಾಯನ

ಕಂಪನಿ ವರದಿಯ 150ನ್ನು ಹಾಗೇ ನಂಬಬೇಡಿ, ನೀವೇ ಸ್ಯಾಂಪಲ್ ತೆಗೆಸಿ. ತಪ್ಪು ಆಗುವುದು ಲ್ಯಾಬಿಗಿಂತ ಹೆಚ್ಚಾಗಿ ಕಾಲುವೆ ದಡದಲ್ಲೇ.

ಒಂದು ಹೊತ್ತಿನ ಒಂದು ಬಾಟಲಿ ಏನನ್ನೂ ಹೇಳದು. ಎರಡು ಗಂಟೆಗೊಮ್ಮೆ ತೆಗೆದು, ಆ ಹೊತ್ತಿನ ಹರಿವಿಗೆ ತಕ್ಕ ಪ್ರಮಾಣದಲ್ಲಿ ಬೆರೆಸಿ. ಹರಿವು ದುಪ್ಪಟ್ಟಿದ್ದ ಹೊತ್ತಿನದು ದುಪ್ಪಟ್ಟು ಮಿಲಿಲೀಟರ್. ನೀರಿನ ನಡುಭಾಗದಿಂದ ತೆಗೆಯಬೇಕು. ಮೇಲಿನ ಪದರದಲ್ಲಿ ಎಣ್ಣೆ-ನೊರೆ, ತಳದಲ್ಲಿ ಹೂಳು. ತೆಗೆದ ಕೂಡಲೇ ಐಸ್ ಪೆಟ್ಟಿಗೆಗೆ ಹಾಕಿ, 4 ಡಿಗ್ರಿ ಆಸುಪಾಸಿನಲ್ಲಿ ಇಟ್ಟು ಆದಷ್ಟು ಬೇಗ, ತೀರಾ ತಡವೆಂದರೆ 24 ಗಂಟೆಯೊಳಗೆ ಪರೀಕ್ಷೆ ಶುರುವಾಗಬೇಕು. ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಸುತ್ತಿದ ಬಾಟಲಿಯ ಬಿಒಡಿ ದಾರಿಯಲ್ಲೇ ಕರಗಿರುತ್ತದೆ. ಮಲಮೂತ್ರದ ಕೋಲಿಫಾರ್ಮ್ ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಶುದ್ಧೀಕರಿಸಿದ ಬಾಟಲಿ ಬೇಕು. ಅದಕ್ಕೆ ಬೆರೆಸಿದ ನೀರು ನಡೆಯದು, ನೇರ ಒಂದೇ ಸಲ ತುಂಬಿದ್ದು.

ಬಿಒಡಿ ನಮ್ಮಲ್ಲಿ 27 ಡಿಗ್ರಿಯಲ್ಲಿ ಮೂರು ದಿನದ್ದು. ಹಳೆಯ ಪುಸ್ತಕಗಳಲ್ಲಿ ಕಾಣುವುದು 20 ಡಿಗ್ರಿಯಲ್ಲಿ ಐದು ದಿನ. ವರದಿಯಲ್ಲಿ ಯಾವುದು ಎಂದು ಬರೆಯಿಸಿಕೊಳ್ಳಿ. 300 ಮಿಲಿಲೀಟರಿನ ಬಾಟಲಿಗೆ 3, 6, 12 ಮಿಲಿ ಹೀಗೆ ಮೂರು ಪ್ರಮಾಣದಲ್ಲಿ ಕೊಳಚೆ ಹಾಕಿ ನೋಡುತ್ತಾರೆ. ಬಿಒಡಿ 150 ಇದ್ದರೆ 6 ಮಿಲಿ ಹಾಕಿದ ಬಾಟಲಿಯಲ್ಲಿ ಆಮ್ಲಜನಕ ಲೀಟರಿಗೆ 3 ಮಿಲಿಗ್ರಾಂ ಇಳಿಯುತ್ತದೆ. ಇಳಿಕೆ ಕನಿಷ್ಠ 2 ಇರಬೇಕು, ಕೊನೆಗೆ ಕನಿಷ್ಠ 1 ಉಳಿದಿರಬೇಕು, ಇಲ್ಲದಿದ್ದರೆ ಆ ಬಾಟಲಿ ಲೆಕ್ಕಕ್ಕಿಲ್ಲ. ಬೆಂಗಳೂರಿನಲ್ಲಿ ಇಲ್ಲೊಂದು ತೊಡಕು: ನಾವು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದ್ದೇವೆ. 27 ಡಿಗ್ರಿಯಲ್ಲಿ ಚೆನ್ನೈನಲ್ಲಿ ನೀರು 8 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಇಲ್ಲಿ 7 ಚಿಲ್ಲರೆ. ಹಾಗಾಗಿ ಸರಿಯಾದ ಪ್ರಮಾಣದ ಕಿಂಡಿ ಇಲ್ಲಿ ಇನ್ನೂ ಕಿರಿದು.

ಡಿಒ (ನೀರಿನಲ್ಲಿ ಕರಗಿದ ಆಮ್ಲಜನಕ) ಮೀಟರ್ ಇಟ್ಟುಕೊಂಡವರೂ ಇದನ್ನು ಮರೆಯಬಾರದು. ಎತ್ತರ ಅಥವಾ ವಾಯುಭಾರ ನಮೂದಿಸದೆ ಗಾಳಿಯಲ್ಲಿ ಸರಿಹೊಂದಿಸಿದರೆ ಪ್ರತಿ ಓದೂ ನೂರಕ್ಕೆ ಹತ್ತರಷ್ಟು ಹೆಚ್ಚು ತೋರಿಸುತ್ತದೆ. ಅನುಮಾನ ಬಂದರೆ ವಿಂಕ್ಲರ್ ವಿಧಾನದಲ್ಲಿ ತಾಳೆ ನೋಡಿ. 300 ಮಿಲಿ ಬಾಟಲಿಯನ್ನು ಗಾಳಿಗುಳ್ಳೆ ಇಲ್ಲದೆ ತುಂಬಿ, ಮ್ಯಾಂಗನೀಸ್ ಸಲ್ಫೇಟ್ 2 ಮಿಲಿ, ಕ್ಷಾರ-ಅಯೋಡೈಡ್-ಅಜೈಡ್ 2 ಮಿಲಿ, ಪಿಪೆಟ್ಟಿನ ತುದಿ ನೀರೊಳಗೆ ಮುಳುಗಿಸಿ ಹಾಕಬೇಕು. ಕಂದು ಮೋಡ ಇಳಿದರೆ ಆಮ್ಲಜನಕ ಇದೆ, ಬಿಳಿಯಾಗೇ ಉಳಿದರೆ ಸೊನ್ನೆ. ಆಮೇಲೆ ಗಾಢ ಗಂಧಕಾಮ್ಲ 2 ಮಿಲಿ ಹಾಕಿ ಕಲಕಿ, ಅದರಿಂದ ಸುಮಾರು 200 ಮಿಲಿ ತೆಗೆದು 0.025 ನಾರ್ಮಲ್ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿದರೆ, ಇಳಿದ ಪ್ರತಿ ಮಿಲಿಲೀಟರ್ ಲೀಟರಿಗೆ 1 ಮಿಲಿಗ್ರಾಂ ಆಮ್ಲಜನಕ. ಆಮ್ಲ, ಅಜೈಡ್ ಎರಡೂ ಅಪಾಯದವು. ಕನ್ನಡಕ, ಕೈಗವಸು ಇಲ್ಲದೆ, ಮಕ್ಕಳನ್ನು ಹತ್ತಿರ ಸೇರಿಸಿ ಮಾಡುವ ಕೆಲಸವಲ್ಲ.

ಬಿಒಡಿ ಜೊತೆಗೆ ಸಿಒಡಿ (ಕೊಳೆಯನ್ನು ರಾಸಾಯನಿಕದಿಂದ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕ), ಅಮೋನಿಯಾ, ವಾಹಕತೆ ಕೇಳಿ. ಮನೆಯ ಕೊಳಚೆಯಲ್ಲಿ ಸಿಒಡಿ ಬಿಒಡಿಯ ಎರಡು-ಎರಡೂವರೆ ಪಟ್ಟು. ನಾಲ್ಕು ಪಟ್ಟು ದಾಟಿದರೆ ಕಾರ್ಖಾನೆ ನೀರು ಸೇರಿದೆ ಎಂದು ಅನುಮಾನಿಸಿ.

ಕೆರೆಪ್ರಿಯೆ

ಕೆರೆಗಳಿಗೂ ಇದೇ ಹೊತ್ತಿನ ಮಾತು ಸೇರಿಸುತ್ತೇನೆ. ಹಸಿರು ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ 3ಕ್ಕೆ ಅಳೆದರೆ ಡಿಒ 10 ದಾಟಿರುತ್ತದೆ, ಪಿಎಚ್ 9ರ ಮೇಲೆ. ಅದನ್ನು ನೋಡಿ ಕೆರೆ ಚೆನ್ನಾಗಿದೆ ಎಂದು ಬರೆದುಬಿಡುತ್ತಾರೆ. ಅದೇ ಪಾಚಿ ರಾತ್ರಿಯಿಡೀ ಉಸಿರಾಡಿ ಬೆಳಗಿನ ಜಾವಕ್ಕೆ ಸೊನ್ನೆಗೆ ತರುತ್ತದೆ. ಮೊದಲ ಮಳೆಯಲ್ಲಿ ಕಾಲುವೆಯ ಹೂಳೆಲ್ಲ ಕದಡಿ ಬಂದು ಸೇರಿದ ಮರುದಿನ ಬೆಳಿಗ್ಗೆ ಮೀನು ತೇಲುವುದು ಹೀಗೆ. ಪಿಎಚ್ ಏರಿದಾಗ ಅಮೋನಿಯಾ ವಿಷಕಾರಿ ರೂಪಕ್ಕೆ ತಿರುಗುವುದೂ ಸೇರಿಕೊಳ್ಳುತ್ತದೆ. ಮೀನುಗಾರಿಕೆಗೆ ಯೋಗ್ಯವಾದ 'ಡಿ' ದರ್ಜೆಗೆ ಡಿಒ ಕನಿಷ್ಠ 4, ಮುಕ್ತ ಅಮೋನಿಯಾ 1.2ರ ಒಳಗೆ ಇರಬೇಕು. ಕೆರೆಯ ಡಿಒ ಸೂರ್ಯ ಹುಟ್ಟುವ ಮುಂಚೆ ನೋಡಿದ್ದು ಮಾತ್ರ ನಂಬಿ.

ಒಳಚರಂಡಿ ಎಂಜಿನಿಯರ್

ಮೂಲ ಹುಡುಕುವ ಬಗ್ಗೆ ಬರೆಯುತ್ತೇನೆ, ನಿಮ್ಮ ಹಣ ಹೋಗಬೇಕಾದ್ದು ಅಲ್ಲಿಗೆ. ರಾಜಕಾಲುವೆ ಮಳೆನೀರಿನದು. ಮಳೆ ಇಲ್ಲದ ದಿನ ಅದರಲ್ಲಿ ಬರುವುದೆಲ್ಲ ಎಲ್ಲಿಂದಲೋ ತಪ್ಪಿ ಬಂದ ನೀರು.

ಕಾಲುವೆಯನ್ನು ಕೆಳಗಿನಿಂದ ಮೇಲಕ್ಕೆ, ದಡದ ಮೇಲೇ ನಡೆದುಕೊಂಡು ಹೋಗಿ. ಪ್ರತಿ ಪೈಪಿನ ಬಾಯಿಗೆ ಒಂದು ಸಂಖ್ಯೆ ಕೊಡಿ: ಪೈಪಿನ ವ್ಯಾಸ, ನೀರು ಬರುತ್ತಿದೆಯೇ, ಬಣ್ಣ, ವಾಸನೆ, ಮೊಬೈಲ್ ಚಿತ್ರ, ಜಾಗದ ಗುರುತು. ಬೆಳಿಗ್ಗೆ 7ರಿಂದ 10 ಒಳ್ಳೆಯ ಹೊತ್ತು, ಅಡುಗೆ-ಸ್ನಾನದ ನೀರೆಲ್ಲ ಆಗಲೇ ಬರುವುದು. ಬಕೆಟ್ಟಿಗೆ ಹಗ್ಗ ಕಟ್ಟಿ ಬಾಯಿಯಿಂದ ನೀರು ಹಿಡಿದು ಅಮೋನಿಯಾ ಪಟ್ಟಿ ಅದ್ದಿ. ಮಳೆನೀರಿನ ಕೊಳವೆಯಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟಿದರೆ ಕೊಳಚೆ ಸೇರಿದೆ ಎಂದೇ ಅರ್ಥ. ಹಸಿ ಕೊಳಚೆಯಲ್ಲಿ ಅದು 25ರಿಂದ 45.

ಆಗಾಗ ಮಾತ್ರ ಬಿಡುವ ಪೈಪು ಹಿಡಿಯಲು ಸುಲಭ ಉಪಾಯ ಹತ್ತಿಬಟ್ಟೆ. ಬಟ್ಟೆ ಸೋಪಿನ ಪುಡಿಯಲ್ಲಿ ಹೊಳಪು ಕೊಡುವ ರಾಸಾಯನಿಕ ಇರುತ್ತದೆ, ಅದು ಹತ್ತಿಗೆ ಅಂಟುತ್ತದೆ. ಬಿಳುಪು ಹಾಕದ ಹತ್ತಿ ತುಂಡನ್ನು ಜಾಲರಿಯಲ್ಲಿಟ್ಟು ಪೈಪಿನ ಬಾಯಿಗೆ ಕಟ್ಟಿ, ನಾಲ್ಕೈದು ದಿನ ಬಿಟ್ಟು ತೆಗೆದು, ತೊಳೆದು ಕತ್ತಲಲ್ಲಿ ನೇರಳಾತೀತ ಟಾರ್ಚ್ ಹಾಯಿಸಿ. ನೀಲಿಯಾಗಿ ಹೊಳೆದರೆ ಬಟ್ಟೆ ಒಗೆದ ನೀರು ಆ ಪೈಪಿನಲ್ಲಿ ಬಂದಿದೆ. ಹೋಲಿಕೆಗೆ ನೀರಿಗೇ ಹಾಕದ ಒಂದು ತುಂಡು ಇಟ್ಟುಕೊಳ್ಳಿ, ಅಂಗಡಿಯ ಹತ್ತಿ ಎಷ್ಟೋ ಸಲ ಮೊದಲೇ ಹೊಳೆಯುತ್ತದೆ.

ಯಾವ ಮನೆ, ಯಾವ ಚೇಂಬರ್ ಎಂದು ಖಚಿತಪಡಿಸಲು ಚೇಂಬರಿಗೆ ಫ್ಲೋರೆಸೀನ್ ಎಂಬ ಹಸಿರು ಬಣ್ಣ ಸುರಿದು ಯಾವ ಪೈಪಿನಲ್ಲಿ ಬರುತ್ತದೆ ಎಂದು ನೋಡಬೇಕು. ಜಲಮಂಡಳಿ ಎಂಜಿನಿಯರ್ ಎದುರಿಗಿದ್ದಾಗ ಮಾತ್ರ ಮಾಡಿ. ಹೇಳದೆ ಕೇಳದೆ ಹಸಿರು ನೀರು ಬಿಟ್ಟರೆ ಊರೆಲ್ಲ ಗಾಬರಿ.

ಬಾಯಿಗಳಲ್ಲಿ ಸಾಮಾನ್ಯವಾಗಿ ಸಿಗುವ ತಪ್ಪುಗಳು ಹೇಳಿಬಿಡುತ್ತೇನೆ. ಮನೆಯ ಸಂಪರ್ಕವನ್ನೇ ಮಳೆನೀರು ಚರಂಡಿಗೆ ಕೊಟ್ಟಿರುವುದು ಒಂದು, ಇದು ಕಣ್ಣಿಗೆ ಬೇಗ ಬೀಳುತ್ತದೆ. ಇದಕ್ಕಿಂತ ಹೆಚ್ಚು ನೀರು ಬರುವುದು ಕಟ್ಟಿಕೊಂಡ ಯುಜಿಡಿಯಿಂದ, ಅಂದರೆ ನೆಲದಡಿಯ ಒಳಚರಂಡಿಯಿಂದ. ಕೆಳಗೆ ಕೊಳವೆ ಕಟ್ಟಿದರೆ ಮೇಲಿನ ಮ್ಯಾನ್‌ಹೋಲ್ ತುಂಬುತ್ತದೆ, ರಸ್ತೆಗೆ ಉಕ್ಕದಿರಲಿ ಎಂದು ಯಾವಾಗಲೋ ಯಾರೋ ಮ್ಯಾನ್‌ಹೋಲ್ ಗೋಡೆ ಒಡೆದು ಕಾಲುವೆಗೆ ದಾರಿ ಮಾಡಿರುತ್ತಾರೆ. ಆಮೇಲೆ ಕಟ್ಟಿದ್ದನ್ನು ಬಿಡಿಸಿದರೂ ಆ ತೂತು ಹಾಗೇ ಉಳಿಯುತ್ತದೆ. ತೂತು ಮುಚ್ಚುವ ಮೊದಲು ಜೋರಾಗಿ ನೀರು ಚಿಮ್ಮಿಸಿ ಕೊಳವೆ ತೊಳೆಯುವ ಜೆಟ್ಟಿಂಗ್ ಯಂತ್ರದಿಂದ ಕೆಳಗಿನ ಎರಡು-ಮೂರು ಮ್ಯಾನ್‌ಹೋಲ್‌ವರೆಗೂ ಸ್ವಚ್ಛ ಮಾಡಿಸಲೇಬೇಕು. ಇಲ್ಲದಿದ್ದರೆ ಮುಚ್ಚಿದ ದಿನವೇ ಯಾರದೋ ಬಚ್ಚಲಲ್ಲಿ ಕೊಳಚೆ ಏರುತ್ತದೆ, ಮರುದಿನ ಮತ್ತೆ ಒಡೆಯುತ್ತಾರೆ.

ಕಟ್ಟಿಕೊಳ್ಳುವುದು ಯಾಕೆ? ಕೊಳವೆಯಲ್ಲಿ ವೇಗ ಸೆಕೆಂಡಿಗೆ 0.6 ಮೀಟರಿಗಿಂತ ಇಳಿದರೆ ಮರಳು ಕೂರುತ್ತದೆ. ಹೋಟೆಲ್ ಸಾಲು ಇರುವಲ್ಲಿ ಜಿಡ್ಡು ಅದರ ಮೇಲೆ ಗಟ್ಟಿಯಾಗುತ್ತದೆ. ಕಾಲುವೆಯ ಒಳಗೇ ಹಾಕಿದ ಹಳೆಯ ಕೊಳವೆಗಳಲ್ಲಿ ಕಾಂಕ್ರೀಟಿನ ನೆತ್ತಿಯನ್ನು ಹೈಡ್ರೋಜನ್ ಸಲ್ಫೈಡ್ ತಿಂದುಹಾಕಿರುತ್ತದೆ, ಒಳಗೆ ಕುಸಿದಿರುತ್ತದೆ. ಇಂಥ ಕಡೆ ಜೆಟ್ಟಿಂಗ್ ಸಾಲದು, ಕ್ಯಾಮೆರಾ ಬಿಟ್ಟು ನೋಡಿ ಕೊಳವೆ ಬದಲಿಸಬೇಕು. ಮಳೆಗಾಲದ ಉಕ್ಕುವಿಕೆಗೆ ಇನ್ನೊಂದು ಕಾರಣ ನಮ್ಮದೇ ಮನೆಗಳದು: ತಾರಸಿಯ ಮಳೆನೀರಿನ ಪೈಪನ್ನು ಯುಜಿಡಿ ಚೇಂಬರಿಗೆ ಕೊಟ್ಟಿರುವುದು. 100 ಚದರ ಮೀಟರ್ ತಾರಸಿಗೆ ಗಂಟೆಗೆ 50 ಮಿ.ಮೀ. ಮಳೆ ಬಿದ್ದರೆ 5,000 ಲೀಟರ್. ಆ ಒಂದು ಗಂಟೆಯಲ್ಲಿ ಆ ಮನೆಯ ಕೊಳಚೆ ನೂರು ಲೀಟರೂ ಇರುವುದಿಲ್ಲ. ಸಂಘದವರು ಸ್ವಂತ ಅಧಿಕಾರದಿಂದ ಸರಿಪಡಿಸಬಹುದಾದ ಕೆಲಸ ಇದು, ಒಂದು ಮಳೆ ದಿನ ಕೊಡೆ ಹಿಡಿದು ಚೇಂಬರ್ ಮುಚ್ಚಳಗಳನ್ನು ನೋಡಿದರೆ ಯಾವ ಮನೆಯೆಂದು ಗೊತ್ತಾಗುತ್ತದೆ. ಮುಚ್ಚಳ ತೆಗೆಯುವುದು ಮನೆಯಂಗಳದ ಸಣ್ಣ ಚೇಂಬರಿನದು ಮಾತ್ರ, ರಸ್ತೆಯ ಮ್ಯಾನ್‌ಹೋಲಿನದಲ್ಲ.

ಮೆಜೆಸ್ಟಿಕ್‌ನಿಂದ ಬೆಳ್ಳಂದೂರಿನ ಕಡೆ ಹೋಗುವ ಕೆ-100 ಕಾಲುವೆಯಲ್ಲೂ ಕೆಲಸದ ದೊಡ್ಡ ಪಾಲು ಹೀಗೆ ಕೊಳಚೆ ಬಾಯಿ ಹುಡುಕಿ ತಿರುಗಿಸುವುದೇ ಆಗಿತ್ತು. ದಡದ ಕಲ್ಲುಹಾಸು, ಗಿಡ ಎಲ್ಲ ಕಣ್ಣಿಗೆ ಕಾಣುವ ಭಾಗ.

ಸುರಕ್ಷತೆ

ದಯವಿಟ್ಟು ಇದನ್ನು ಓದದೆ ಯಾರೂ ಹೊರಡಬೇಡಿ. ಮ್ಯಾನ್‌ಹೋಲಿಗೆ, ಮುಚ್ಚಿದ ಕಾಲುವೆಗೆ ಯಾರೂ ಇಳಿಯಬಾರದು, ಕೂಲಿಗೆ ಕರೆದು ಯಾರನ್ನೂ ಇಳಿಸಬಾರದು. 2013ರ ಕಾಯ್ದೆ ಪ್ರಕಾರ ಸುರಕ್ಷಾ ಸಾಧನವಿಲ್ಲದೆ ಇಳಿಸುವುದು ಅಪರಾಧ, ಕಾಯ್ದೆ ಇಲ್ಲದಿದ್ದರೂ ಅದು ಒಬ್ಬರ ಪ್ರಾಣ. ಕೊಳೆತ ಮೊಟ್ಟೆ ವಾಸನೆ ಬರುತ್ತಿದ್ದುದು ಒಮ್ಮೆಲೇ ನಿಂತರೆ ಅನಿಲ ಹೋಯಿತು ಎಂದಲ್ಲ. ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ ಆಸುಪಾಸು ಮುಟ್ಟಿದರೆ ಮೂಗು ವಾಸನೆ ಹಿಡಿಯುವುದನ್ನೇ ಬಿಡುತ್ತದೆ. ದಡದಲ್ಲಿ ನಡೆಯುವವರಿಗೂ ಗಂಬೂಟು, ಉದ್ದ ರಬ್ಬರ್ ಕೈಗವಸು ಇರಲಿ. ಕಾಲಲ್ಲಿ ಗಾಯವಿದ್ದವರು ಬೇಡ, ಇಲಿಜ್ವರದ ಅಪಾಯ. ಸ್ಯಾಂಪಲ್ ತೆಗೆಯಲು ಒಬ್ಬರೇ ಹೋಗಬೇಡಿ.

ನಾಯಂಡಹಳ್ಳಿ ನಿವಾಸಿ

ತುಂಬ ಉಪಕಾರವಾಯಿತು. ಮೇಲ್ಭಾಗದಲ್ಲಿ ಒಂದು ಪೈಪಿನಿಂದ ಕೆಲವೊಮ್ಮೆ ಹಳದಿ ನೀರು ಬರುತ್ತದೆ, ಹೆಚ್ಚಾಗಿ ರಾತ್ರಿ. ಪಕ್ಕದಲ್ಲಿ ಸಣ್ಣ ಶೆಡ್ಡುಗಳಿವೆ. ದೊಡ್ಡ ಅಪಾರ್ಟ್‌ಮೆಂಟ್ ಒಂದರ ಎಸ್‌ಟಿಪಿ ಪೈಪೂ ಇದೆ, ಅದರ ನೀರು ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ.

ಲೋಹಲೇಪನ ಇಟಿಪಿ

ಹಳದಿ ಅಂದರೆ ಕ್ರೋಮ್ ಲೇಪನದ ತೊಳೆದ ನೀರು ಆಗಿರಬಹುದು, ಬಟ್ಟೆ ಬಣ್ಣವೂ ಆಗಿರಬಹುದು. ಡೈಫೀನೈಲ್ ಕಾರ್ಬಜೈಡ್ ಕಿಟ್ ಹಾಕಿ, ನೇರಳೆಗೆ ತಿರುಗಿದರೆ ಷಡ್ವೇಲೆಂಟ್ ಕ್ರೋಮಿಯಂ, ಅಂದರೆ ಕ್ರೋಮಿಯಂನ ವಿಷಕಾರಿ ರೂಪ. ಮೇಲ್ಮೈ ನೀರಿಗೆ ಬಿಡುವ ಮಿತಿ ಲೀಟರಿಗೆ 0.1 ಮಿಲಿಗ್ರಾಂ ಮಾತ್ರ, ಒಟ್ಟು ಕ್ರೋಮಿಯಂ 2. ಪೀಣ್ಯದ ಅಂತರ್ಜಲದಲ್ಲಿ ಇದೇ ಕ್ರೋಮಿಯಂ ಇಳಿದು ಕೂತಿದೆ, ಆದ್ದರಿಂದ ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ಬರಿಗೈಯಲ್ಲಿ ಮುಟ್ಟಬೇಡಿ.

ಇದರ ಚಿಕಿತ್ಸೆ ಸಣ್ಣ ಘಟಕಕ್ಕೂ ಸಾಧ್ಯ. ಒಂದು ತೊಟ್ಟಿಯಲ್ಲಿ ಗಂಧಕಾಮ್ಲ ಹಾಕಿ ಪಿಎಚ್ 2ರಿಂದ 3ಕ್ಕೆ ಇಳಿಸಿ, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಬೇಕು, ಕ್ರೋಮಿಯಂ ಕಿಲೋಗೆ ಸುಮಾರು 3 ಕಿಲೋ. ಹಳದಿ ಹೋಗಿ ಹಸಿರಾಗುತ್ತದೆ. ಅರ್ಧ ಗಂಟೆ ಕಲಕಿ, ಆಮೇಲೆ ಸುಣ್ಣದ ಹಾಲು ಹಾಕಿ 8.5-9ಕ್ಕೆ ಏರಿಸಿದರೆ ಹಸಿರು ಕೆಸರಾಗಿ ಕೂರುತ್ತದೆ. ಕೆಡುವುದು ಎಲ್ಲಿ ಎಂದರೆ, ಪಿಎಚ್ 4ರಲ್ಲೇ ಬೈಸಲ್ಫೈಟ್ ಸುರಿಯುತ್ತಾರೆ, ಆಗ ಕ್ರಿಯೆ ತೀರಾ ನಿಧಾನ, ಷಡ್ವೇಲೆಂಟ್ ಹಾಗೇ ಉಳಿದು ಸುಣ್ಣಕ್ಕೂ ಬಗ್ಗದೆ ಹೊರಗೆ ಹೋಗುತ್ತದೆ. ತೊಟ್ಟಿ ತೆರೆದ ಗಾಳಿಯಲ್ಲಿರಬೇಕು, ಗಂಧಕದ ಡೈಆಕ್ಸೈಡ್ ಏಳುತ್ತದೆ. ಸಯನೈಡ್ ಬಳಸುವ ಲೇಪನದ ನೀರನ್ನು ಈ ಆಮ್ಲದ ತೊಟ್ಟಿಗೆ ಯಾವತ್ತೂ ಬಿಡಬಾರದು, ವಿಷಾನಿಲ ಹುಟ್ಟುತ್ತದೆ. ಕೆಸರು ಅಪಾಯಕಾರಿ ತ್ಯಾಜ್ಯ, ಕಸದ ಗಾಡಿಗೆ ಕೊಡುವಂತಿಲ್ಲ.

ಒಂದು ಕಾನೂನಿನ ವಿಷಯ. ನೀವು ಹಿಡಿದ ಬಾಟಲಿ ಸುಳಿವಿಗೆ ಮಾತ್ರ. 1974ರ ಜಲ ಕಾಯ್ದೆಯ 21ನೇ ವಿಧಿಯಂತೆ ಮಾಲಿನ್ಯ ನಿಯಂತ್ರಣ ಮಂಡಳಿಯವರೇ ನೋಟಿಸ್ ಕೊಟ್ಟು, ಎರಡು ಭಾಗ ಮಾಡಿ ಮೊಹರು ಹಾಕಿದ ಸ್ಯಾಂಪಲ್ ಮಾತ್ರ ನ್ಯಾಯಾಲಯದಲ್ಲಿ ಸಾಕ್ಷ್ಯ. ನಿಮ್ಮ ದಿನಾಂಕ, ಹೊತ್ತು, ಚಿತ್ರಗಳ ಪಟ್ಟಿ ಕೊಟ್ಟರೆ ಅವರು ಸರಿಯಾದ ರಾತ್ರಿ ಬರಲು ಅನುಕೂಲ. ಹಗಲು ಬಂದು ಏನೂ ಸಿಗಲಿಲ್ಲ ಎಂದು ಹೋಗುವುದು ತಪ್ಪುತ್ತದೆ.

ಎಸ್‌ಟಿಪಿ ಪಾಳಿ

ಬೆಳಿಗ್ಗೆ ಒಂದು ಥರ, ಸಂಜೆ ಒಂದು ಥರ ಅಂದರೆ ಮೊದಲ ಅನುಮಾನ ರಾತ್ರಿ ತೊಟ್ಟಿಗೆ ಗಾಳಿ ಊದುವ ಬ್ಲೋವರ್ ನಿಲ್ಲಿಸುವುದರ ಮೇಲೆ. ಕರೆಂಟ್ ಬಿಲ್ ಉಳಿಸಲು ಅಥವಾ ಶಬ್ದದ ದೂರಿಗೆ ಹೆದರಿ ನಿಲ್ಲಿಸುತ್ತಾರೆ. ಏರೇಷನ್ ತೊಟ್ಟಿಯಲ್ಲಿ ಡಿಒ 2 ಹತ್ತಿರ ಇರಬೇಕು. ರಾತ್ರಿಯೆಲ್ಲ ಸೊನ್ನೆಯಾದರೆ ಬಿಒಡಿ ತಿನ್ನುವ ಜೀವಾಣು ಬೇಗ ಚೇತರಿಸಿಕೊಂಡರೂ ಅಮೋನಿಯಾ ತಿನ್ನುವವು ಚೇತರಿಸಿಕೊಳ್ಳಲು ದಿನಗಳೇ ಬೇಕು. ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ 4.57 ಗ್ರಾಂ ಆಮ್ಲಜನಕ, 7.14 ಗ್ರಾಂ ಕ್ಷಾರತೆ ಖರ್ಚು. 40 ಮಿಲಿಗ್ರಾಂ ಅಮೋನಿಯಾ ಇಳಿಸಲು 286 ಮಿಲಿಗ್ರಾಂ ಕ್ಷಾರತೆ. ಅಷ್ಟು ಇಲ್ಲದಿದ್ದರೆ ಪಿಎಚ್ 6.5ರ ಕೆಳಗೆ ಇಳಿದು ಕೆಲಸ ನಿಲ್ಲುತ್ತದೆ. ಹೊರಹೋಗುವ ನೀರಿನಲ್ಲಿ ಕ್ಷಾರತೆ 80 ಉಳಿದಿರುವಂತೆ ನೋಡಿಕೊಳ್ಳಿ.

ಇನ್ನೊಂದು ತಪ್ಪು ಕೆಸರು ತೆಗೆಯದಿರುವುದು. ಕೆಸರು ಹಿಂಡುವ ಫಿಲ್ಟರ್ ಪ್ರೆಸ್ ಕೆಟ್ಟಿರುತ್ತದೆ, ಕೆಸರು ತೊಟ್ಟಿಯಲ್ಲೇ ಕೂಡುತ್ತದೆ, ಬೆಳಗಿನ ಜೋರು ಹರಿವಿಗೆ ತೇಲಿ ಕಾಲುವೆಗೆ ಹೋಗುತ್ತದೆ. ಲೆಕ್ಕ ಕಷ್ಟವಲ್ಲ: 100 ಘನ ಮೀಟರ್ ತೊಟ್ಟಿ, ಲೀಟರಿಗೆ 3,500 ಮಿಲಿಗ್ರಾಂ ಜೀವರಾಶಿ ಅಂದರೆ 350 ಕೆಜಿ. ಹತ್ತು ದಿನದ ಕೆಸರು ವಯಸ್ಸು (ಕೆಸರು ತೊಟ್ಟಿಯಲ್ಲಿ ಸರಾಸರಿ ಉಳಿಯುವ ದಿನ) ಬೇಕಾದರೆ ದಿನಕ್ಕೆ 35 ಕೆಜಿ ತೆಗೆಯಬೇಕು. ವಾಪಸಾಗುವ ಕೆಸರು ಲೀಟರಿಗೆ 8,000 ಮಿಲಿಗ್ರಾಂ ಇದ್ದರೆ 4.4 ಘನ ಮೀಟರ್. ಏರೇಷನ್ ತೊಟ್ಟಿಯ ನೀರನ್ನು ಒಂದು ಲೀಟರ್ ಅಳತೆಪಾತ್ರೆಯಲ್ಲಿ ಅರ್ಧ ಗಂಟೆ ಬಿಟ್ಟು ನೋಡಿ. ಕೆಸರು 280 ಮಿಲಿಗೆ ಇಳಿದರೆ ಚೆನ್ನಾಗಿ ಕೂರುತ್ತಿದೆ. 700ರಲ್ಲೇ ನಿಂತರೆ ಎಳೆಎಳೆಯ ಜೀವಾಣು ಹೆಚ್ಚಿವೆ, ಅದಕ್ಕೆ ಕ್ಲೋರಿನ್ ಸುರಿಯುವ ಮೊದಲು ಡಿಒ ನೋಡಿ.

ಗುರಿ ಯಾವುದು ಎಂದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಏಪ್ರಿಲ್‌ನಲ್ಲಿ ಹೇಳಿದ್ದು: ಬಿಒಡಿ 10, ಸಿಒಡಿ 50, ತೇಲುಘನ 20, ಒಟ್ಟು ಸಾರಜನಕ 10, ರಂಜಕ 1. ಸಂಘದವರು ಆ ಅಪಾರ್ಟ್‌ಮೆಂಟಿನವರ ಜೊತೆ ಜಗಳಕ್ಕಿಂತ ಮೊದಲು ಬ್ಲೋವರಿನ ಗಂಟೆ ಲೆಕ್ಕ, ಕೆಸರು ತೆಗೆದ ಲೆಕ್ಕ, ಕರೆಂಟ್ ಮೀಟರ್ ಓದು ಕೇಳಲಿ. ಈ ಮೂರರಲ್ಲಿ ಎಲ್ಲ ಗೊತ್ತಾಗುತ್ತದೆ. ಹಸಿ ಕೊಳಚೆ ಮೊದಲು ಬಂದು ಕೂಡುವ ಈಕ್ವಲೈಸೇಷನ್ ತೊಟ್ಟಿಯಿಂದ ನೇರ ಕಾಲುವೆಗೆ ಬೈಪಾಸ್ ವಾಲ್ವ್ ಇದೆಯೇ ಎಂದೂ ನೋಡಲಿ.

ಬೈರಮಂಗಲ ಕಡೆಯವ

ನೀವು ಬಿಟ್ಟದ್ದು ಬಿಡದಿ ದಾಟಿ ನಮ್ಮ ಕೆರೆಗೆ ಬಂದು, ಮುಂದೆ ಅರ್ಕಾವತಿ ಸೇರಿ ಸಂಗಮದಲ್ಲಿ ಕಾವೇರಿಗೆ ಹೋಗುತ್ತದೆ. ಅದಕ್ಕೆ ಒಂದು ಮಾತು ಹೇಳಲೇಬೇಕು. ನಿಮ್ಮ ಕಡೆ ವಾಸನೆ ಹೋಗುವುದೇ ಗುರಿಯಾದರೆ ಏರೇಟರ್ ಇಟ್ಟು ನೊರೆ ಎಬ್ಬಿಸಿ ಮುಂದಕ್ಕೆ ಕಳಿಸಿಬಿಡುತ್ತೀರಿ. ಸೋಪಿನ ನೀರನ್ನು ಕಡೆದರೆ ಬರುವುದು ನೊರೆಯೇ. ಬೆಳ್ಳಂದೂರು, ವರ್ತೂರು ಕೋಡಿಗಳಲ್ಲಿ ನೊರೆ ಎದ್ದದ್ದೂ ನೀರು ಧುಮುಕುವ ಜಾಗದಲ್ಲೇ.

ನಮಗೆ ಬೇಕಿರುವುದು ಕಿಲೋ ಲೆಕ್ಕ ಇಳಿಯುವುದು. ಲೀಟರಿಗೆ 40 ಮಿಲಿಗ್ರಾಂ ಸಾರಜನಕವಿರುವ ನೀರನ್ನು ಒಂದು ಬೆಳೆಗೆ ಒಂದು ಮೀಟರ್ ಎತ್ತರ ಹಾಯಿಸಿದರೆ ಹೆಕ್ಟೇರಿಗೆ 400 ಕೆಜಿ ಸಾರಜನಕ. ಭತ್ತಕ್ಕೆ ಶಿಫಾರಸು 100. ಪೈರು ಕಡುಹಸಿರಾಗಿ ಎತ್ತರ ಬೆಳೆದು ಒರಗುತ್ತದೆ, ಕಾಳು ಜೊಳ್ಳು. ಅದಕ್ಕೇ ಇಲ್ಲಿ ಮೇವಿನ ಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ ಕಡೆ ತಿರುಗಿದ್ದಾರೆ. ಲೋಹದ ನೀರಿಗೆ ಮಾತ್ರ ಯಾವ ಬೆಳೆ ಬದಲಿಸಿದರೂ ಪರಿಹಾರವಿಲ್ಲ, ಹಳದಿ ಪೈಪು ಮೊದಲು ನಿಲ್ಲಿಸಿ.

ನಾಯಂಡಹಳ್ಳಿ ನಿವಾಸಿ

ಒಪ್ಪಿದೆ ಸರ್, ದರಪಟ್ಟಿ ವಾಪಸ್ ಕಳಿಸುತ್ತಿದ್ದೇವೆ. ಹಳದಿ ಪೈಪಿನಿಂದಲೇ ಶುರು ಮಾಡುತ್ತೇವೆ. ಭಾನುವಾರ ಬೆಳಿಗ್ಗೆ 7ಕ್ಕೆ ಕೆಳತುದಿಯಿಂದ ನಡೆದು ಎಲ್ಲ ಬಾಯಿಗಳ ಪಟ್ಟಿ ಮಾಡುತ್ತೇವೆ. ಒಂದು ಪ್ರಶ್ನೆ ಉಳಿಯಿತು: ಎಲ್ಲ ಬಾಯಿ ಒಮ್ಮೆಲೇ ಮುಚ್ಚಿಸಲಾಗದು. ಯಾವುದು ಮೊದಲು?

ಒಳಚರಂಡಿ ಎಂಜಿನಿಯರ್

ಲೋಹದ್ದು ಬಿಟ್ಟರೆ ಉಳಿದವನ್ನು ಹರಿವು × ಅಮೋನಿಯಾ ಗುಣಿಸಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಪೈಪಿನ ಹರಿವಿಗೆ 10 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಎಂದು ನೋಡಿದರೆ ಸಾಕು: 10 ಸೆಕೆಂಡಿಗೆ ತುಂಬಿದರೆ ದಿನಕ್ಕೆ 86,400 ಲೀಟರ್. ಸಾಮಾನ್ಯವಾಗಿ ಪಟ್ಟಿಯ ಮೇಲಿನ ಕೆಲವೇ ಬಾಯಿಗಳಲ್ಲಿ ಬಹುಪಾಲು ಕೊಳೆ ಇರುತ್ತದೆ. ಪ್ರತಿ ಬಾಯಿ ಮುಚ್ಚಿಸಿದ ವಾರದ ನಂತರ ಅದೇ 10 ಮೀಟರ್ ಜಾಗದಲ್ಲಿ ಕಾಲುವೆಯ ಹರಿವು ಮತ್ತೆ ಅಳೆಯಿರಿ. ಇಳಿಯದಿದ್ದರೆ ನೀರು ಇನ್ನೊಂದು ಬಾಯಿ ಹುಡುಕಿಕೊಂಡಿದೆ, ಹೆಚ್ಚಾಗಿ ಪಕ್ಕದ ಮ್ಯಾನ್‌ಹೋಲಿನಿಂದ. ಪಟ್ಟಿಯನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ, ಒದ್ದೆ ಕೈಗವಸು ತಾಗಿದರೆ ಪೆನ್ನಿನ ಶಾಯಿ ಉಳಿಯುವುದಿಲ್ಲ. ಬಾಟಲಿಯ ಚೀಟಿಗೂ ಅದೇ.